ಗಾಳಿ ಬಂದಾಗ ತೂರಿಕೊಳ್ಳಲು ಹತ್ತು ಪಾಠಗಳು

ನಾನು ಹೇಳಿದ ಗಾಳಿಯನ್ನು ನಂಬಿ ಐವರು ಗೆಳೆಯರು ಶನಿವಾರದ ನಿದ್ದೆ ಬಿಟ್ಟು, ಕಾರಿನ ಮೇಲೆ ಬೋರ್ಡು ಬಿಗಿದುಕೊಂಡು, 130 ಕಿಲೋಮೀಟರ್ ದೂರ ಬಂದಿದ್ದರು. ನದಿ ಕನ್ನಡಿಯ ಹಾಗೆ ಮಲಗಿತ್ತು. ಬಾತುಕೋಳಿಯೊಂದು ಈಜಿಕೊಂಡು ಹೋದರೆ ಅದರ ಹಿಂದಿನ ಗೆರೆ ದಡ ಮುಟ್ಟುವವರೆಗೂ ಅಳಿಸುತ್ತಿರಲಿಲ್ಲ. ಯಾರೂ ಬೈಯಲಿಲ್ಲ. ಹುಬ್ಬಳ್ಳಿಯ ಗೆಳೆಯ ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಾ, "ಶಾಸ್ತ್ರಿಗಳ, ಇವತ್ತ ರಾಹುಕಾಲ ಎಷ್ಟೊತ್ತಿಗೆ ಮುಗೀತದ್ರಿ?" ಅಂದ. ಅಂದಿನಿಂದ ನನಗೆ ‘ಗಾಳಿ ಶಾಸ್ತ್ರಿ’ ಎಂಬ ಹೆಸರು ಅಂಟಿಕೊಂಡಿತು.

ಇದು ಅಮೆರಿಕದ ವಾಯವ್ಯ ಮೂಲೆಯ ಕೊಲಂಬಿಯಾ ನದಿಯ ಕಣಿವೆಯ ಮಾತು. ಒರೆಗಾನ್ ಮತ್ತು ವಾಷಿಂಗ್ಟನ್ ರಾಜ್ಯಗಳ ನಡುವೆ ಗಡಿಯಾಗಿ ಹರಿಯುವ ಈ ನದಿ, ಕ್ಯಾಸ್ಕೇಡ್ ಪರ್ವತಸಾಲನ್ನು ಸೀಳಿಕೊಂಡು ಪಶ್ಚಿಮಕ್ಕೆ, ಶಾಂತಸಾಗರದ ಕಡೆಗೆ ಹೋಗುತ್ತದೆ. ಆ ಸೀಳು ಸುಮಾರು 130 ಕಿ.ಮೀ. ಉದ್ದ, ಕೆಲವೆಡೆ 1,200 ಮೀಟರ್ ಆಳ. ಬೆಟ್ಟ ಹತ್ತದೆ ಆ ಸಾಲನ್ನು ದಾಟಲು ಗಾಳಿಗಿರುವ ಬಾಗಿಲು ಇದು. ಬಾಗಿಲಿನ ನಡುಮಧ್ಯೆ ಹುಡ್ ರಿವರ್ ಎಂಬ ಸಣ್ಣ ಊರಿದೆ. 1980ರ ದಶಕದಲ್ಲಿ ವಿಂಡ್‌ಸರ್ಫಿಂಗ್‌ನವರು ಬಂದು ಈ ಊರಿನ ಹಣೆಬರಹ ಬದಲಿಸಿದರು. ಆಮೇಲೆ ಕೈಟ್‌ನವರು ಬಂದರು, ಈಗ ಕೈಯಲ್ಲಿ ರೆಕ್ಕೆ ಹಿಡಿದು ನೀರಿನ ಮೇಲೆ ತೇಲಿಹೋಗುವ ವಿಂಗ್‌ನವರ ಕಾಲ.

ನಾನು ಚಿತ್ರದುರ್ಗದ ಕಡೆಯವನು. ಜೋಗಿಮಟ್ಟಿಯ ಮೇಲೆ ಗಾಳಿಯಂತ್ರಗಳು ತಿರುಗುವುದನ್ನು ನೋಡಿದವನು, ಪೋರ್ಟ್‌ಲ್ಯಾಂಡ್ ನಗರದ ಪಶ್ಚಿಮಕ್ಕೆ ಚಿಪ್ ತಯಾರಿಕೆಯ ಕೆಲಸಕ್ಕೆಂದು ಬಂದವನು. "ಗಾಳಿ ಬಂದಾಗ ತೂರಿಕೋ" ಎನ್ನುವ ಗಾದೆ ಕೇಳಿಕೊಂಡೇ ಬೆಳೆದೆ. ಆದರೆ ಗಾಳಿ ಯಾವಾಗ ಬರುತ್ತದೆ ಎನ್ನುವುದನ್ನು ಗಾದೆ ಹೇಳುವುದಿಲ್ಲ. ಅದನ್ನು ಹನ್ನೆರಡು ಬೇಸಿಗೆಗಳಲ್ಲಿ ತಪ್ಪು ಮಾಡಿ ಮಾಡಿ ಕಲಿತೆ.

1. ದಡವನ್ನಲ್ಲ, ಎರಡು ತುದಿಗಳನ್ನು ನೋಡಿ

ಹೊಸಬರು ಕೇಳುವ ಪ್ರಶ್ನೆ ಒಂದೇ: "ಹುಡ್ ರಿವರ್‌ನಲ್ಲಿ ಇವತ್ತು ಹವೆ ಹೇಗಿದೆ?" ಈ ಪ್ರಶ್ನೆಯೇ ತಪ್ಪು. ಹುಡ್ ರಿವರ್‌ನ ಗಾಳಿ ಹುಡ್ ರಿವರ್‌ನಲ್ಲಿ ಹುಟ್ಟುವುದಿಲ್ಲ. ಪಶ್ಚಿಮದ ಪೋರ್ಟ್‌ಲ್ಯಾಂಡಿಗೂ ಪೂರ್ವದ ದ ಡಾಲ್ಸ್ ಎಂಬ ಊರಿಗೂ ನಡುವೆ ಇರುವ ವಾಯುಭಾರದ ವ್ಯತ್ಯಾಸದಲ್ಲಿ ಹುಟ್ಟುತ್ತದೆ.

ಬೇಸಿಗೆಯಲ್ಲಿ ಶಾಂತಸಾಗರದ ಮೇಲೆ ಅಧಿಕ ಒತ್ತಡದ ದೊಡ್ಡ ಗುಡ್ಡೆಯೊಂದು ಕೂತಿರುತ್ತದೆ, ಕೆಳಗೆ ತಣ್ಣಗಿನ ಭಾರದ ಗಾಳಿ. ಪರ್ವತದ ಆಚೆ, ಪೂರ್ವದ ಒಣ ಬಯಲು ಕಾದ ಹೆಂಚು. ಅಲ್ಲಿ ಗಾಳಿ ಬಿಸಿಯಾಗಿ ಹಗುರಾಗಿ ಒತ್ತಡ ಇಳಿಯುತ್ತದೆ. ಭಾರ ಇದ್ದ ಕಡೆಯಿಂದ ಹಗುರ ಇದ್ದ ಕಡೆಗೆ ಗಾಳಿ ಬಾಗಿಲು ಹುಡುಕಿಕೊಂಡು ನುಗ್ಗುತ್ತದೆ. ನಮ್ಮ ಆಷಾಢದ ಗಾಳಿಯ ಕಥೆಯೂ ಇದೇ, ಅಳತೆ ಮಾತ್ರ ದೊಡ್ಡದು. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಅಧಿಕ ಒತ್ತಡ, ಥಾರ್ ಮರುಭೂಮಿಯ ಆಸುಪಾಸಿನಲ್ಲಿ ಕಾದ ನೆಲದ ಕಡಿಮೆ ಒತ್ತಡ. ಊರಿನಲ್ಲಿ ಹುಡುಗರು ಗಾಳಿಪಟ ಹಾರಿಸುವ ಆಷಾಢ ಮಾಸವೇ ಇಲ್ಲಿಯೂ ಹಾಯಿ ಬಿಚ್ಚುವ ಕಾಲ. ಇದನ್ನು ಮನಗಂಡ ದಿನ ಪರದೇಶದ ಗಾಳಿ ನನಗೆ ನೆಂಟನಾಯಿತು.

ಲೆಕ್ಕ ಸುಲಭ. ಎರಡೂ ಊರಿನ ವಿಮಾನ ನಿಲ್ದಾಣಗಳು ಗಂಟೆಗೊಮ್ಮೆ ಒತ್ತಡ ತಿಳಿಸುತ್ತವೆ. ಸಮುದ್ರಮಟ್ಟಕ್ಕೆ ಸರಿಹೊಂದಿಸಿದ ಅಂಕಿಯನ್ನೇ ತೆಗೆದುಕೊಂಡು ಪಶ್ಚಿಮದ್ದರಿಂದ ಪೂರ್ವದ್ದನ್ನು ಕಳೆಯಿರಿ. ಮೂರು ಮಿಲಿಬಾರ್ ವ್ಯತ್ಯಾಸ ಇದ್ದರೆ, ಯಾವ ತಡೆಯೂ ಇಲ್ಲದಿದ್ದಲ್ಲಿ ಗಾಳಿ ಗಂಟೆಗೆ 80 ಕಿ.ಮೀ. ವೇಗ ಪಡೆಯಬೇಕು. ಬೆಟ್ಟ, ಮರ, ನೀರು ಉಜ್ಜಿ ಉಜ್ಜಿ ಅದರಲ್ಲಿ ಅರ್ಧದಷ್ಟು ತಿಂದುಹಾಕುತ್ತವೆ. ಉಳಿದ ಅರ್ಧ ನಮಗೆ ಧಾರಾಳ ಸಾಕು. ಒಂದು ಅಂಕಿಗಿಂತ ಅದರ ನಡಿಗೆ ಮುಖ್ಯ: ಬೆಳಿಗ್ಗೆ ಐದಕ್ಕೆ ಎಷ್ಟಿತ್ತು, ಏಳಕ್ಕೆ ಎಷ್ಟು, ಏರುತ್ತಿದೆಯೋ ಇಳಿಯುತ್ತಿದೆಯೋ.

2. ಮೋಡದ ಅಂಚು ಎಲ್ಲಿ ನಿಂತಿದೆ?

ಎದ್ದ ಕೂಡಲೇ ನಾನು ನೋಡುವ ಎರಡನೆಯ ವಸ್ತು ಉಪಗ್ರಹದ ಚಿತ್ರ. ಕಡಲಿನಿಂದ ಬಂದ ತಗ್ಗಿನ ಮೋಡ ಹಾಲು ಚೆಲ್ಲಿದ ಹಾಗೆ ಕಣಿವೆಯೊಳಗೆ ಹರಿದಿರುತ್ತದೆ. ಆ ಹಾಲು ಎಲ್ಲಿಗೆ ನಿಂತಿದೆ ಎನ್ನುವುದೇ ದಿನದ ಭವಿಷ್ಯ.

ಪೋರ್ಟ್‌ಲ್ಯಾಂಡ್‌ನಿಂದ ಕ್ಯಾಸ್ಕೇಡ್ ಲಾಕ್ಸ್‌ವರೆಗೆ ಮೋಡ, ಹುಡ್ ರಿವರ್‌ನಿಂದಾಚೆ ಬಿಸಿಲು: ಇದು ಶುಭಶಕುನ. ಪಶ್ಚಿಮ ತಣ್ಣಗೇ ಉಳಿಯುತ್ತದೆ, ಪೂರ್ವ ಕಾಯುತ್ತಲೇ ಹೋಗುತ್ತದೆ. ಮೋಡವೇ ಇಲ್ಲದೆ ಎಲ್ಲೆಲ್ಲೂ ಬಿಸಿಲಾದರೆ ಪೋರ್ಟ್‌ಲ್ಯಾಂಡೂ ಕಾದು ವ್ಯತ್ಯಾಸ ಕರಗುತ್ತದೆ. ಮೋಡ ಹುಡ್ ರಿವರ್ ದಾಟಿ, ದ ಡಾಲ್ಸ್ ಕೂಡ ದಾಟಿ ಹರಡಿದರೆ ನಡುಗಣಿವೆಯಲ್ಲಿ ಮಂಕು. ಆಗ ಗಾಳಿ ಇನ್ನೂ ಪೂರ್ವಕ್ಕೆ, ರೂಫಸ್, ಆರ್ಲಿಂಗ್ಟನ್ ಕಡೆಗೆ ಸರಿದಿರುತ್ತದೆ. ಇನ್ನೊಂದು ಗಂಟೆ ಕಾರು ಓಡಿಸುವ ಮನಸ್ಸಿದ್ದವರಿಗೆ ಮಾತ್ರ ಅದು ಸಿಗುತ್ತದೆ.

ಉಪಗ್ರಹ ಬೇಡವೆಂದರೆ ಹೆದ್ದಾರಿಯೇ ಹೇಳುತ್ತದೆ. ಬಾನೆವಿಲ್ ಅಣೆಕಟ್ಟಿನ ಹತ್ತಿರ ವೈಪರ್ ಹಾಕುವಷ್ಟು ಜಡಿ ಹನಿಯುತ್ತಿದ್ದು, ಮುಂದೆ ದೂರದಲ್ಲಿ ಗುಡ್ಡದ ಕೆಳಗೆ ಬಿಸಿಲಿನ ಹಳದಿ ಪಟ್ಟಿ ಕಂಡರೆ, ಕಾರಿನೊಳಗಿನ ಮಾತು ತಾನಾಗಿಯೇ ನಿಲ್ಲುತ್ತದೆ. ಎಲ್ಲರೂ ಆ ಪಟ್ಟಿಯನ್ನೇ ನೋಡುತ್ತಿರುತ್ತಾರೆ.

3. ಬಿಸಿಲು ಅತಿಯಾದರೆ ಗಾಳಿ ಸಾಯುತ್ತದೆ

ಆ ಕನ್ನಡಿ ಶನಿವಾರ ನಾನು ಎಡವಿದ್ದು ಇಲ್ಲಿ. ಬಿಸಿ ಹೆಚ್ಚಿದರೆ ಗಾಳಿ ಹೆಚ್ಚಬೇಕು ಎಂದು ನನ್ನ ಅರ್ಧ ಕಲಿತ ತಲೆ ಲೆಕ್ಕ ಹಾಕಿತ್ತು. ಅಂದು ಪೋರ್ಟ್‌ಲ್ಯಾಂಡ್‌ನಲ್ಲೇ 39 ಡಿಗ್ರಿ. ಬಿಸಿಗಾಳಿಯ ದಿನಗಳಲ್ಲಿ ಕಡಿಮೆ ಒತ್ತಡದ ಪಟ್ಟಿ ಪೂರ್ವದಲ್ಲಿ ಕೂರುವುದಿಲ್ಲ. ಕ್ಯಾಲಿಫೋರ್ನಿಯಾದಿಂದ ಉತ್ತರಕ್ಕೆ ಚಾಚಿ, ಪರ್ವತದ ಪಶ್ಚಿಮಕ್ಕೆ, ಪೋರ್ಟ್‌ಲ್ಯಾಂಡಿನ ತಲೆಯ ಮೇಲೇ ಬಂದು ಕೂರುತ್ತದೆ. ಆಗ ಎರಡೂ ಕಡೆ ಹಗುರ, ತಕ್ಕಡಿ ಸಮ. ಕೆಲವೊಮ್ಮೆ ತಕ್ಕಡಿ ಹಿಮ್ಮುಖವಾಗಿ ವಾಲಿ ಮೂಡಣದಿಂದ ಬಿಸಿಗಾಳಿ ಬೀಸುತ್ತದೆ. ವ್ಯತ್ಯಾಸ ನೋಡಬೇಕಾದವನು ಉಷ್ಣಾಂಶ ನೋಡಿಕೊಂಡು ಕೂತಿದ್ದೆ.

ಇದರ ಕಟುರೂಪ ಕಂಡದ್ದು 2021ರ ಜೂನ್ 28ರಂದು. ಪೋರ್ಟ್‌ಲ್ಯಾಂಡ್‌ನಲ್ಲಿ ಪಾದರಸ 46.7 ಡಿಗ್ರಿ ಮುಟ್ಟಿತು. ಬಳ್ಳಾರಿಯ ಮೇ ತಿಂಗಳನ್ನೂ ಮೀರಿಸಿದ ಆ ಬೇಗೆಯಲ್ಲಿ, ಏಸಿ ಇಲ್ಲದ ಮನೆಗಳು ತುಂಬಿದ ಈ ಪ್ರದೇಶದಲ್ಲಿ ಅನೇಕರು ಜೀವ ಬಿಟ್ಟರು. ಅಂದು ರಾತ್ರಿ ಕಡಲ ಗಾಳಿ ಒಳನುಗ್ಗಿ, ಬೆಳಗಾಗುವಷ್ಟರಲ್ಲಿ ಊರು ತಣ್ಣಗಾಗಿತ್ತು.

ಆ ಕೊನೆಯ ವಾಕ್ಯದಲ್ಲೇ ನಮ್ಮ ಪಾಠವಿದೆ. ಬಿಸಿಯ ದಿನಗಳಿಗಿಂತ ಬಿಸಿ ಮುರಿಯುವ ದಿನವನ್ನು ಕಾಯಬೇಕು. ಕಡಿಮೆ ಒತ್ತಡದ ಪಟ್ಟಿ ಪರ್ವತ ಹಾರಿ ಪೂರ್ವಕ್ಕೆ ಜಿಗಿದಾಗ ತಡೆದಿಟ್ಟ ಕಡಲ ಗಾಳಿಯೆಲ್ಲ ಒಮ್ಮೆಗೇ ಬಾಗಿಲಿಗೆ ನುಗ್ಗುತ್ತದೆ. ಅದರ ಮೊದಲ ಸುಳಿವು ಕಣಿವೆಯಲ್ಲಿ ಸಿಗುವುದಿಲ್ಲ. ಒರೆಗಾನ್ ಕರಾವಳಿಯ ನಾರ್ತ್ ಬೆಂಡ್‌ನ ಒತ್ತಡ ಹಿಂದಿನ ರಾತ್ರಿಯೇ ಏರತೊಡಗುತ್ತದೆ.

4. ಕಂಪ್ಯೂಟರ್ ಮಾಡೆಲಿನ ಚೌಕ ಎಷ್ಟು ದೊಡ್ಡದು ಎಂದು ಕೇಳಿ

ಫೋನಿನಲ್ಲಿ ಬಣ್ಣಬಣ್ಣದ ಬಾಣ ತೋರಿಸುವ ಆಪ್‌ಗಳೆಲ್ಲ ಯಾವುದೋ ಒಂದು ಮಾಡೆಲಿನ ಬಾಯಿ. ಮಾಡೆಲ್ ಎಂದರೆ ಭೂಮಿಯನ್ನು ಚೌಕಗಳಾಗಿ ಹೆಚ್ಚಿ ಪ್ರತಿ ಚೌಕಕ್ಕೂ ಲೆಕ್ಕ ಹಾಕುವ ಯಂತ್ರ. ಜಗತ್ತಿಗೆಲ್ಲ ಲೆಕ್ಕ ಹಾಕುವ ಅಮೆರಿಕದ ಜಿಎಫ್‌ಎಸ್ ಮಾಡೆಲಿನ ಚೌಕ ಸುಮಾರು 13 ಕಿ.ಮೀ. ನಮ್ಮ ಕಣಿವೆಯ ತಳ ಅದರ ಕಾಲುಭಾಗವೂ ಅಗಲವಿಲ್ಲ. ಆ ಕಣ್ಣಿಗೆ ಇಲ್ಲಿ ಕಣಿವೆಯೇ ಇಲ್ಲ, ಸವೆದ ಗುಡ್ಡವೊಂದಿದೆ, ಅಷ್ಟೆ. ಎಚ್‌ಆರ್‌ಆರ್‌ಆರ್ ಎಂಬ ಮಾಡೆಲಿನ ಚೌಕ 3 ಕಿ.ಮೀ., ಪ್ರತಿ ಗಂಟೆಗೂ ಹೊಸ ಲೆಕ್ಕ. ವಾಷಿಂಗ್ಟನ್ ವಿಶ್ವವಿದ್ಯಾಲಯ ಈ ಪ್ರದೇಶಕ್ಕೆಂದೇ 1.33 ಕಿ.ಮೀ. ಚೌಕದ ಲೆಕ್ಕ ಓಡಿಸುತ್ತದೆ. ಅದರಲ್ಲಿ ಕಣಿವೆ ಕಣಿವೆಯ ಹಾಗೆ ಕಾಣುತ್ತದೆ.

ಹಾಗೆಂದು ದೊಡ್ಡ ಚೌಕದ್ದನ್ನು ಎಸೆಯಬೇಡಿ. ನಾಲ್ಕು ದಿನ ಮುಂಚೆ ಕಡಲ ಮೇಲಿನ ಒತ್ತಡ ಎತ್ತ ಸರಿಯುತ್ತದೆ ಎಂದು ತಿಳಿಯಲು ಅದೇ ಬೇಕು. ವಾರದ ಯೋಜನೆಗೆ ದೊಡ್ಡದು, ನಾಳೆಗೆ ಸಣ್ಣದು, ಈ ಹೊತ್ತಿಗೆ ನೇರ ಅಂಕಿ. ಒಂದೇ ಮಾಡೆಲ್ ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಹೇಳತೊಡಗಿದರೆ ಅದಕ್ಕೂ ಗೊತ್ತಿಲ್ಲವೆಂದು ಅರ್ಥ.

ಇನ್ನೊಂದು ಮಾತು. ಪೋರ್ಟ್‌ಲ್ಯಾಂಡ್ ಮತ್ತು ಪೆಂಡಲ್‌ಟನ್‌ನ ಸರ್ಕಾರಿ ಹವಾಮಾನ ಕಚೇರಿಗಳು ದಿನವೂ ಬರಹರೂಪದ ಚರ್ಚೆಯೊಂದನ್ನು ಪ್ರಕಟಿಸುತ್ತವೆ. ಚಿತ್ರವಿಲ್ಲ, ಬಣ್ಣವಿಲ್ಲ. ಆದರೆ ಮುನ್ಸೂಚನೆ ಬರೆದವರು ಎಲ್ಲಿ ಅನುಮಾನಪಟ್ಟರು ಎನ್ನುವುದು ಅದರಲ್ಲಿ ಮಾತ್ರ ಇರುತ್ತದೆ. ಕಣಿವೆಯ ಪಶ್ಚಿಮ ಭಾಗ ಒಂದು ಕಚೇರಿಗೆ, ಪೂರ್ವ ಭಾಗ ಇನ್ನೊಂದಕ್ಕೆ ಸೇರಿದ್ದರಿಂದ ಎರಡನ್ನೂ ಓದಬೇಕು.

5. ಒಂದೇ ಕಣಿವೆಯಲ್ಲಿ ಹತ್ತು ಗಾಳಿ

ಪೈಪಿನ ಬಾಯಿಗೆ ಬೆರಳು ಅಡ್ಡ ಇಟ್ಟರೆ ನೀರು ರಭಸವಾಗಿ ಚಿಮ್ಮುತ್ತದಲ್ಲ, ಗಾಳಿಯೂ ಹಾಗೆಯೇ ಎಂದು ದಡದಲ್ಲಿ ಎಲ್ಲರೂ ವಿವರಿಸುತ್ತಾರೆ. ಹಾಗಿದ್ದರೆ ಕಣಿವೆ ಅತಿ ಕಿರಿದಾದಲ್ಲಿ ಗಾಳಿ ಅತಿ ಜೋರಿರಬೇಕಿತ್ತು. ಸಾಮಾನ್ಯವಾಗಿ ಹಾಗಿರುವುದಿಲ್ಲ. ಒತ್ತಡ ಗಾಳಿಯನ್ನು ದಾರಿಯುದ್ದಕ್ಕೂ ತಳ್ಳುತ್ತಲೇ ಇರುತ್ತದೆ, ಆದ್ದರಿಂದ ಹೊರಬೀಳುವ ಬಾಗಿಲಿನ ಕಡೆಗೆ ವೇಗ ಹೆಚ್ಚು. ಬೇಸಿಗೆಯ ಪಡುವಣ ಗಾಳಿ ಪೂರ್ವಕ್ಕೆ ಹೋದಂತೆಲ್ಲ ಬಲಿಯುತ್ತದೆ. ಚಳಿಗಾಲದ ಮೂಡಣ ಗಾಳಿ ಪಶ್ಚಿಮದ ತುದಿಯಲ್ಲಿ, ಕ್ರೌನ್ ಪಾಯಿಂಟ್ ಬಂಡೆಯ ಮೇಲೆ ಮನುಷ್ಯನನ್ನು ನಿಲ್ಲಗೊಡುವುದಿಲ್ಲ.

ಆದ್ದರಿಂದ ಸ್ಟೀವನ್‌ಸನ್, ವಿಯೆಂಟೊ, ಹುಡ್ ರಿವರ್, ರೊವೀನಾ, ಡಗ್ಸ್ ಬೀಚ್, ಮೇರಿಹಿಲ್, ಒಂದೊಂದಕ್ಕೂ ಬೇರೆ ಬೇರೆ ಮುನ್ಸೂಚನೆ ಬೇಕು. ವಿಯೆಂಟೊ ಎಂದರೆ ಸ್ಪ್ಯಾನಿಷ್‌ನಲ್ಲಿ ಗಾಳಿ. ಎಂಥ ಒಪ್ಪುವ ಹೆಸರು ಎಂದು ನಾನು ವರ್ಷಗಟ್ಟಲೆ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದೆ. ಆಮೇಲೆ ತಿಳಿಯಿತು, ಅದು ರೈಲು ಹಾಕಿಸಿದ ಕಾಲದ ವಿಲ್ಲಾರ್ಡ್, ಎಂಡಿಕಾಟ್, ಟಾಲ್ಮನ್ ಎಂಬ ಮೂವರ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿದ್ದು ಎಂದು. ಗಾಳಿಗೂ ಹೆಸರಿಗೂ ಸಂಬಂಧವಿಲ್ಲ. ಹೆಸರು ನಂಬಬೇಡಿ, ಮರ ನಂಬಿ. ಕಣಿವೆಯ ಬಯಲಂಚಿನ ಎಷ್ಟೋ ಮರಗಳಿಗೆ ಗಾಳಿ ಬಡಿಯುವ ಮಗ್ಗುಲಲ್ಲಿ ಕೊಂಬೆಯೇ ಇಲ್ಲ, ಬಾವುಟದ ಹಾಗೆ ಒಂದೇ ಕಡೆಗೆ ಚಾಚಿ ನಿಂತಿವೆ. ಆ ಮರಗಳು ನೂರು ವರ್ಷದ ಸರಾಸರಿಯನ್ನು ಮೈಮೇಲೆ ಬರೆದುಕೊಂಡಿವೆ.

ಈ ಗಾಳಿಯ ಬೆಲೆ ನಮಗಿಂತ ಸಾವಿರಾರು ವರ್ಷ ಮೊದಲೇ ತಿಳಿದವರು ಇಲ್ಲಿಯ ಮೂಲನಿವಾಸಿಗಳು. ದ ಡಾಲ್ಸ್ ಹತ್ತಿರದ ಸೆಲೈಲೊ ಜಲಪಾತದಲ್ಲಿ ಸಾಲ್ಮನ್ ಮೀನು ಹಿಡಿದು, ಇದೇ ಒಣಗಾಳಿಗೆ ಒಡ್ಡಿ ಒಣಗಿಸಿ ವರ್ಷವಿಡೀ ಇಟ್ಟುಕೊಳ್ಳುತ್ತಿದ್ದರು. 1957ರ ಮಾರ್ಚ್ 10ರಂದು ದ ಡಾಲ್ಸ್ ಅಣೆಕಟ್ಟಿನ ಹಿನ್ನೀರು ಆ ಜಲಪಾತವನ್ನು ಮುಳುಗಿಸಿತು. ಅಲ್ಲಿ ಹಾಯಿ ಬಿಚ್ಚುವಾಗ ಇದು ನೆನಪಿರಲಿ.

6. ಮಾಪಕ ನಿಂತ ಜಾಗ ಗೊತ್ತಿರಲಿ

ಕಣಿವೆಯ ಉದ್ದಕ್ಕೂ ಗಾಳಿಮಾಪಕಗಳಿವೆ. ಫೋನಿನಲ್ಲಿ ಅಂಕಿ ಬರುತ್ತದೆ. ಆದರೆ ಆ ಬಟ್ಟಲುಗಳು ತಿರುಗುತ್ತಿರುವುದು ಎಲ್ಲಿ? ಕಟ್ಟಡದ ಮರೆಯಲ್ಲೋ, ಕಾಟನ್‌ವುಡ್ ಮರಗಳ ಹಿಂದೆಯೋ, ನೀರಿಗೆ ಚಾಚಿದ ಕಂಬದ ಮೇಲೋ? ಮರ ಎಲೆ ಬಿಟ್ಟ ಮೇಲೆ ಕಡಿಮೆ ತೋರಿಸುವ ಮಾಪಕ ಒಂದಿದೆ. ಏಪ್ರಿಲ್‌ನಲ್ಲಿ ಅದರ 20 ಮೈಲಿ ನಿಜವಾದ 20, ಜುಲೈನಲ್ಲಿ ಅದರ 20 ನೀರಿನ ಮೇಲೆ 25. ಪ್ರತಿ ಮಾಪಕವನ್ನೂ ಒಮ್ಮೆಯಾದರೂ ಕಣ್ಣಾರೆ ನೋಡಿ ಬನ್ನಿ.

ಸರಾಸರಿ ಮಾತ್ರ ನೋಡಿ ಹೊರಡಬೇಡಿ. ಸರಾಸರಿ 20 ಎಂದರೆ 18ರಿಂದ 22 ಇರಬಹುದು, 10ರಿಂದ 30 ಕೂಡ ಇರಬಹುದು. ಮೊದಲನೆಯದು ಹಬ್ಬದೂಟ, ಎರಡನೆಯದು ಎಮ್ಮೆ ಕಟ್ಟಿದ ಗಾಡಿ: ಒಮ್ಮೆ ಓಡುತ್ತದೆ, ಒಮ್ಮೆ ಕೆಸರಿನಲ್ಲಿ ಕೂರುತ್ತದೆ. ಹಾಯಿಯ ಮೇಲಿನ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 20 ಮೈಲಿಯ ಗಾಳಿ 28 ಆದರೆ ವೇಗ ಹೆಚ್ಚಿದ್ದು ಅರ್ಧಕ್ಕೂ ಕಡಿಮೆ, ಬಲ ಮಾತ್ರ ಎರಡರಷ್ಟು. ಹಾಗಾಗಿಯೇ ಇಲ್ಲಿಯವರು ಗಾಳಿಯನ್ನು ಹಾಯಿಯ ಅಳತೆಯಲ್ಲಿ ಹೇಳುತ್ತಾರೆ. "ಇವತ್ತು ನಾಲ್ಕು-ಎರಡು" ಅಂದರೆ 4.2 ಚದರ ಮೀಟರಿನ ಹಾಯಿ ಸಾಕೆನ್ನುವಷ್ಟು ಜೋರು. ದೊಡ್ಡ ಹಾಯಿಯ ದಿನ ಎಂದರೆ ಮೆಲುಗಾಳಿಯ ದಿನ. ಹೊಸಬರು ಇದನ್ನು ತಿರುಗಾಮುರುಗಾ ಮಾಡಿಕೊಳ್ಳುತ್ತಾರೆ.

7. ನದಿಗೂ ತನ್ನದೇ ದಿಕ್ಕಿದೆ

ಈ ಕಣಿವೆ ಜಗತ್ತಿಗೆ ಹೆಸರಾಗಲು ಕಾರಣ ಗಾಳಿಯೊಂದೇ ಅಲ್ಲ. ನದಿ ಪಶ್ಚಿಮಕ್ಕೆ ಹರಿಯುತ್ತದೆ, ಗಾಳಿ ಪೂರ್ವಕ್ಕೆ ಬೀಸುತ್ತದೆ. ಎದುರುಬದುರು ನಿಂತ ಇವೆರಡರ ಜಗಳದಲ್ಲಿ ಅಲೆಗಳು ಕಡಿದಾಗಿ ಏಳುತ್ತವೆ. ನಮ್ಮನ್ನು ಗಾಳಿ ಮೇಲಕ್ಕೆ ತಳ್ಳಿದರೆ ನೀರು ಕೆಳಕ್ಕೆ ಎಳೆದು ಹೆಚ್ಚುಕಡಿಮೆ ಹೊರಟಲ್ಲಿಗೇ ತಂದು ನಿಲ್ಲಿಸುತ್ತದೆ. ಮೇ, ಜೂನ್‌ನಲ್ಲಿ ಹಿಮ ಕರಗಿ ನದಿ ತುಂಬಿದಾಗ ಎಳೆತ ಹೆಚ್ಚು, ಅಲೆ ದೊಡ್ಡದು, ನೀರು ಮೂಳೆ ಕೊರೆಯುವಷ್ಟು ತಣ್ಣಗೆ. ಎಷ್ಟು ನೀರು ಬಿಡುತ್ತಾರೆ ಎನ್ನುವುದು ಅಣೆಕಟ್ಟುಗಳ ಕೈಯಲ್ಲಿದೆ. ಆ ಅಂಕಿಯನ್ನೂ ಗಾಳಿಯ ಅಂಕಿಯ ಪಕ್ಕದಲ್ಲೇ ನೋಡಬೇಕು.

ನನಗೆ ಈ ಪಾಠ ಹೇಳಿದ್ದು ಒಂದು ಜೂನ್ ಸಂಜೆ. ಗಾಳಿ ಏಳು ಗಂಟೆಯವರೆಗೆ ಇರುತ್ತದೆ ಎಂದು ನಾನೇ ಬರೆದಿದ್ದೆ. ಆರೂವರೆಗೆ ನದಿಯ ನಟ್ಟನಡುವೆ, ದೀಪ ಆರಿಸಿದ ಹಾಗೆ ನಿಂತುಹೋಯಿತು. ಹಾಯಿ ನೀರಿನ ಮೇಲೆ ಮಲಗಿತು. ನಾನು ಬೋರ್ಡಿನ ಮೇಲೆ ಕುದುರೆ ಸವಾರನ ಹಾಗೆ ಕೂತೆ. ಒಂದು ನಿಮಿಷ ಏನೂ ಆಗಲಿಲ್ಲ. ಆಮೇಲೆ ದಡದ ಮರಗಳು ನಿಧಾನಕ್ಕೆ ಪೂರ್ವಕ್ಕೆ ಸರಿಯತೊಡಗಿದವು. ಸರಿಯುತ್ತಿದ್ದದ್ದು ನಾನು. ಗಾಳಿ ತಡೆದು ಹಿಡಿದಿದ್ದ ನದಿಗೆ ತನ್ನ ದಾರಿ ನೆನಪಾಗಿತ್ತು.

ಆಗ ಗೋಧಿ ಸಾಗಿಸುವ ಬಾರ್ಜ್‌ಗಳ ಸಾಲೊಂದು ತಿರುವಿನಲ್ಲಿ ಕಾಣಿಸಿತು. ಹಿಂದಿನಿಂದ ಟಗ್ ದೋಣಿ ತಳ್ಳಿಕೊಂಡು ಬರುತ್ತಿತ್ತು. ಅಂಥ ಭಾರ ನಿಂತುಕೊಳ್ಳಲು ಬಹಳ ದೂರ ಬೇಕು, ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಐದು ಸಲ ಗಿಡ್ಡ ಗಿಡ್ಡವಾಗಿ ಕೂಗಿತು. ಅಪಾಯವಿದೆ ಎಂಬ ಆ ಕೂಗನ್ನು ಪುಸ್ತಕದಲ್ಲಿ ಓದಿದ್ದೆ. ನನಗಾಗಿಯೇ ಕೂಗಿದ್ದನ್ನು ಕೇಳಿದ್ದು ಅದೇ ಮೊದಲು. ಹಾಯಿಯನ್ನು ಬೋರ್ಡಿನ ಹಿಂದಕ್ಕೆ ಎಳೆದುಕೊಂಡು, ಹೊಟ್ಟೆಯ ಮೇಲೆ ಮಲಗಿ, ಎರಡೂ ಕೈಯಿಂದ ನೀರು ತೋಡುತ್ತಾ ವಾಷಿಂಗ್ಟನ್ ದಡದ ಕಡೆಗೆ ಹೊರಟೆ. ಬಾರ್ಜ್ ಎಬ್ಬಿಸಿದ ಅಲೆ ನನ್ನನ್ನು ಎತ್ತಿ ಇಳಿಸಿದಾಗ ಬೆರಳುಗಳಲ್ಲಿ ಸ್ಪರ್ಶವೇ ಇರಲಿಲ್ಲ. ಬಂಡೆ ಹತ್ತಿ ಬರಿಗಾಲಿನಲ್ಲಿ ಹೆದ್ದಾರಿ ಸೇರಿದೆ. ಕಾರು ನದಿಯ ಆಚೆ. 1924ರಲ್ಲಿ ಕಟ್ಟಿದ ಹುಡ್ ರಿವರ್ ಸೇತುವೆಯ ಮೇಲೆ ನಡೆದು ದಾಟಲು ಅವಕಾಶವಿಲ್ಲ. ಒದ್ದೆ ವೆಟ್‌ಸೂಟಿನವನನ್ನು ಪಿಕಪ್‌ನ ಹಿಂದೆ ಕೂರಿಸಿಕೊಂಡ ಪುಣ್ಯಾತ್ಮ ಒಂದೇ ಪ್ರಶ್ನೆ ಕೇಳಿದ: "ಗಾಳಿ ಕೈಕೊಟ್ಟಿತಾ?" ಅವನಿಗೆ ಇದು ಹೊಸತಲ್ಲ.

ಅಂದಿನಿಂದ ಮುನ್ಸೂಚನೆಯಲ್ಲಿ ಎರಡು ಹೊತ್ತು ಬರೆಯುತ್ತೇನೆ: ಗಾಳಿ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ. ಎರಡನೆಯದಕ್ಕೆ ಒಂದು ಗಂಟೆ ಮೊದಲೇ ದಡದ ಹತ್ತಿರಕ್ಕೆ ಬಂದುಬಿಡಿ ಎಂದು ಸೇರಿಸುತ್ತೇನೆ.

8. ಬಿಚ್ಚುವ ಮೊದಲು ಕಾಲು ಗಂಟೆ ಸುಮ್ಮನೆ ನಿಲ್ಲಿ

ನಮ್ಮ ಅಜ್ಜ ಕಣದಲ್ಲಿ ರಾಶಿ ತೂರುವ ದಿನ ಮೊರಕ್ಕೆ ಕೈ ಹಾಕುವ ಮೊದಲು ಸುಮ್ಮನೆ ನಿಲ್ಲುತ್ತಿದ್ದರು. ಒಂದು ಚಿಟಿಕೆ ಹೊಟ್ಟು ಎತ್ತಿ ಬಿಡುವುದು, ಅದು ಬಿದ್ದ ಜಾಗ ನೋಡುವುದು, ಮತ್ತೊಂದು ಚಿಟಿಕೆ. "ಎರಡು ಸಲ ಒಂದೇ ಕಡೆ ಬಿದ್ರೆ ಏಳ್ರೋ" ಅನ್ನುತ್ತಿದ್ದರು. ಒಮ್ಮೆ ಬೀಸಿದ್ದು ಸುಳಿ, ಎರಡನೆಯ ಸಲ ಬೀಸಿದ್ದು ಗಾಳಿ.

ನಾನೂ ದಡದಲ್ಲಿ ಹಾಗೆಯೇ ನಿಲ್ಲುತ್ತೇನೆ. ಗಂಟೆಗೆ 13ರಿಂದ 18 ಮೈಲಿಗೆ ಬಿಳಿನೊರೆಯ ತಲೆಗಳು ಪದೇಪದೇ ಕಾಣುತ್ತವೆ, 25 ದಾಟಿದರೆ ನದಿಯೆಲ್ಲ ಬಿಳಿ, 35ರ ಆಸುಪಾಸಿನಲ್ಲಿ ನೊರೆ ಗೆರೆಗೆರೆಯಾಗಿ ಎಳೆಯುತ್ತದೆ. ಆದರೆ ಇಲ್ಲಿ ಪ್ರವಾಹ ಎದುರಾಗುವುದರಿಂದ ಅಲೆ ಬೇಗ ಒಡೆಯುತ್ತದೆ, ನದಿ ತುಂಬಿದ ದಿನ ನೊರೆ ಸ್ವಲ್ಪ ಸುಳ್ಳು ಹೇಳುತ್ತದೆ. ಅದನ್ನು ಕಳೆದು ಓದಬೇಕು. ನೀರಿನ ಮೇಲಿರುವ ಜನ ಯಾವ ಅಳತೆಯ ಹಾಯಿ ಹಿಡಿದಿದ್ದಾರೆ, ದಡಕ್ಕೆ ವಾಪಸು ಬಂದವರು ಚಿಕ್ಕದನ್ನು ಕಟ್ಟುತ್ತಿದ್ದಾರೋ ದೊಡ್ಡದನ್ನೋ, ಇದಕ್ಕಿಂತ ನಂಬಿಕೆಯ ಮಾಪಕ ಇನ್ನೊಂದಿಲ್ಲ.

9. ನಮ್ಮ ಗಾಳಿ ಇನ್ನೊಬ್ಬರ ಬೆಂಕಿ

ಗಾಳಿ ಬರಲಿ ಎಂದು ಹಂಬಲಿಸುವವರು ಈ ಕಣಿವೆಯಲ್ಲಿ ನಾವು ಮಾತ್ರ. 2017ರ ಸೆಪ್ಟೆಂಬರ್ 2ರಂದು ಈಗಲ್ ಕ್ರೀಕ್‌ನಲ್ಲಿ ಹುಡುಗನೊಬ್ಬ ಎಸೆದ ಪಟಾಕಿಯಿಂದ ಹೊತ್ತಿದ ಬೆಂಕಿಗೆ ಮೂಡಣ ಗಾಳಿ ಸೇರಿತು. ಕಿಡಿ ನದಿಯನ್ನೇ ಹಾರಿ ಆಚೆ ದಡದಲ್ಲಿ ಹೊತ್ತಿಕೊಂಡಿತು. ಸುಟ್ಟ ಕಾಡು ಹತ್ತಿರ ಹತ್ತಿರ 50,000 ಎಕರೆ. ಅದಕ್ಕೂ ಹಿಂದೆ, 2016ರ ಜೂನ್ 3ರಂದು ಮೋಸಿಯರ್ ಊರಿನಲ್ಲಿ ಕಚ್ಚಾತೈಲದ ರೈಲಿನ 16 ವ್ಯಾಗನ್‌ಗಳು ಹಳಿ ತಪ್ಪಿ ಬೆಂಕಿ ಎದ್ದಿತು. ಜೂನ್ ಎಂದರೆ ಅಲ್ಲಿ ಗಾಳಿಯದೇ ಕಾರುಬಾರು. ಅಂದು ಮಾತ್ರ ಗಾಳಿ ಇರಲಿಲ್ಲ, ಊರು ಉಳಿಯಿತು. ನಮ್ಮ ಗುಂಪಿನಲ್ಲಿ ‘ಕೆಟ್ಟ ದಿನ’ ಎಂದು ಬರೆದುಕೊಳ್ಳುವಂಥ ದಿನ ಅದು.

ಹೊಗೆ ತುಂಬಿದ ದಿನಗಳಲ್ಲಿ ಲೆಕ್ಕವೂ ಕೆಡುತ್ತದೆ. ಹೊಗೆ ಬಿಸಿಲನ್ನು ತಡೆದು ಪೂರ್ವದ ಬಯಲು ಕಾಯುವುದಿಲ್ಲ, ಮಾಡೆಲ್ ಹೇಳಿದಷ್ಟು ಗಾಳಿ ಬರುವುದಿಲ್ಲ. ಅಂಥ ದಿನ ನಾನು ಮುನ್ಸೂಚನೆ ಬರೆಯುವುದಿಲ್ಲ, ಮನೆಯಲ್ಲಿರಿ ಎಂದು ಬರೆಯುತ್ತೇನೆ.

10. ತಪ್ಪಿದ್ದನ್ನು ಮೊದಲು ಬರೆಯಿರಿ

ನನ್ನ ಹತ್ತಿರ ರಟ್ಟಿನ ಹೊದಿಕೆಯ ಪುಸ್ತಕವೊಂದಿದೆ. ಪ್ರತಿ ದಿನಕ್ಕೆ ಒಂದು ಸಾಲು: ಬೆಳಗಿನ ಒತ್ತಡದ ವ್ಯತ್ಯಾಸ, ಮೋಡದ ಅಂಚು, ನಾನು ಹೇಳಿದ್ದು, ಆದದ್ದು. ತಪ್ಪಿದ್ದಕ್ಕೆ ಕೆಂಪು ಶಾಯಿ. ಮೊದಲ ಎರಡು ವರ್ಷದ ಹಾಳೆಗಳು ಮದುವೆ ಕರೆಯೋಲೆಯ ಹಾಗಿವೆ. ಆದರೆ ಕೆಂಪು ಸಾಲುಗಳನ್ನು ಒಟ್ಟಿಗೆ ಓದಿದಾಗಲೇ ತಿಳಿದದ್ದು: ಅರ್ಧಕ್ಕರ್ಧ ತಪ್ಪು ಬಿಸಿಗಾಳಿಯ ದಿನಗಳದ್ದು, ಉಳಿದದ್ದರಲ್ಲಿ ಹೆಚ್ಚಿನವು ಗಾಳಿ ನಿಲ್ಲುವ ಹೊತ್ತಿನದ್ದು. ಸರಿಯಾದ ದಿನಗಳು ನನಗೆ ಏನನ್ನೂ ಕಲಿಸಿಲ್ಲ.

ಗುಂಪಿಗೆ ಕಳಿಸುವ ಸಂದೇಶವೂ ಬದಲಾಗಿದೆ. ಮೊದಲು "ನಾಳೆ 28, ಪಕ್ಕಾ" ಎಂದು ಬರೆಯುತ್ತಿದ್ದೆ. ಈಗ ಹೀಗೆ: "ಹುಡ್ ರಿವರ್ ಹತ್ತರಿಂದ ನಾಲ್ಕರವರೆಗೆ 20ರಿಂದ 26. ಹತ್ತರಲ್ಲಿ ಏಳರಷ್ಟು ನಂಬಿಕೆ. ಪೋರ್ಟ್‌ಲ್ಯಾಂಡ್ ಹನ್ನೊಂದಕ್ಕೆ ಮೊದಲೇ ಮೋಡ ಬಿಚ್ಚಿಕೊಂಡರೆ ಇದು ಕೆಡುತ್ತದೆ. ಹೊರಡುವ ಮೊದಲು ನೀವೇ ಒಮ್ಮೆ ನೋಡಿ." ಯಾವ ಕಾರಣಕ್ಕೆ ಕೆಡಬಹುದು ಎಂದು ಹೇಳದ ಮುನ್ಸೂಚನೆ ಗಿಳಿಶಾಸ್ತ್ರ. ಕೊನೆಯ ಸಾಲನ್ನು ಯಾರೂ ಓದುವುದಿಲ್ಲ ಎಂದುಕೊಂಡಿದ್ದೆ.

ಕಳೆದ ಜುಲೈನಲ್ಲಿ ಒಂದು ದಿನ, ಹಿಂದಿನ ರಾತ್ರಿ ನಾನು "ಅನುಮಾನ, ಬೇಡ" ಎಂದು ಬರೆದು ಮಲಗಿದ್ದೆ. ಬೆಳಿಗ್ಗೆ ಐದೂಕಾಲಿಗೆ ಫೋನ್ ಹೊಡೆದುಕೊಂಡಿತು. ಹುಬ್ಬಳ್ಳಿಯವನು.

"ಶಾಸ್ತ್ರಿಗಳ, ಎರಡೂ ಊರು ನೋಡೇನಿ. ಮೂರೂವರಿ ಅದ, ಏರಾಕತ್ತದ. ಮೋಡ ಕ್ಯಾಸ್ಕೇಡ್ ಲಾಕ್ಸ್‌ಗೆ ನಿಂತದ. ನೀವು ಬರ್ತೀರೋ, ನಾ ಒಬ್ಬನ ಹೋಗ್ಲೋ?"

ಎದ್ದು ನೋಡಿದೆ. ಅವನ ಲೆಕ್ಕ ಸರಿಯಿತ್ತು. ಪುಸ್ತಕ ತೆಗೆದು ಆ ದಿನದ ಸಾಲಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಬೋರ್ಡು ಕಟ್ಟಲು ಹೊರಗೆ ಹೋದೆ. ಅಂಗಳದ ಮೇಪಲ್ ಮರದ ಎಲೆ ಅಲುಗುತ್ತಿರಲಿಲ್ಲ. ಅದರ ಕಡೆ ನೋಡುವುದನ್ನು ನಾನು ಬಿಟ್ಟು ಬಹಳ ದಿನವಾಗಿತ್ತು.